ಮುಂಬರುವ ಋತುಗಳಿಗಾಗಿ ಸಸಿ ನೆಡುವ ಕ್ರಮ

ಮರವು ಹೂ ತಳೆಯುವುದು ಒಂದು ಋತುವಿನಲ್ಲಿಯಾದರೂ ಆ ಹೂವಿನ ಕಾಲವೂ ಬಣ್ಣವೂ ನಿಶ್ಚಯವಾಗುವುದು ಸಸಿಯನ್ನು ಆರಿಸಿದ ದಿನದಂದೇ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ವಿದ್ಯಾಸಂಸ್ಥೆಗಳ ಆವರಣಗಳಲ್ಲಿ ಸಸಿ ನೆಡುವುದು ವಾಡಿಕೆಯಾಗಿದೆ. ಯಾವ ಸಸಿಯು ಎಷ್ಟು ವರ್ಷಗಳ ಅನಂತರ, ಯಾವ ತಿಂಗಳಿನಲ್ಲಿ ಫಲಿಸೀತೆಂಬುದನ್ನು ಮೊದಲೇ ವಿಚಾರಿಸದಿದ್ದರೆ ಆ ಶ್ರಮದ ಬಹುಭಾಗ ವ್ಯರ್ಥವಾದೀತು.

ಮೊದಲನೆಯದಾಗಿ ಬಣ್ಣದ ವಿಚಾರ. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಜರ್ಮನ್ ಸಸ್ಯತಜ್ಞ ಜಿ. ಎಚ್. ಕೃಂಬಿಗಲ್ಲರು, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸುವ ಕ್ರಮವನ್ನು ಅಲ್ಲಿ ರೂಢಿಗೆ ತಂದರು. ನಮ್ಮ ಬಯಲುಸೀಮೆಯ ಆವರಣಗಳಿಗೂ ಈ ಕ್ರಮ ಹೊಂದುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಜಕರಂಡದ ನೀಲಿ; ಏಪ್ರಿಲ್, ಮೇ ತಿಂಗಳುಗಳಲ್ಲಿ ಕಕ್ಕೆಯ ಹಳದಿ, ಗುಲ್‌ಮೊಹರಿನ ಕೆಂಪು; ಮಳೆಗಾಲದ ಕೊನೆಯಲ್ಲಿ ಪಾರಿಜಾತ; ಅದರ ಬೆನ್ನಿಗೆ ಆಕಾಶಮಲ್ಲಿಗೆ. ಗುಲ್‌ಮೊಹರನ್ನು ಮಾತ್ರವೇ ನೆಟ್ಟ ಆವರಣವು ಬೇಸಗೆಯಲ್ಲಿ ಉರಿದು, ಉಳಿದ ತಿಂಗಳುಗಳಲ್ಲಿ ಬರಿದಾಗಿರುತ್ತದೆ.

ಎರಡನೆಯದು ಹಣ್ಣಿನ ವಿಚಾರ. ಬೀಜದಿಂದ ಹುಟ್ಟಿದ ಮಾವು ತನ್ನ ಬಾಲ್ಯಾವಸ್ಥೆಯನ್ನು ಕಳೆಯುವವರೆಗೆ ಹೂ ಬಿಡದು. ಇದಕ್ಕೆ ಆರರಿಂದ ಹತ್ತು ವರ್ಷಗಳಾದರೂ ಬೇಕು. ಹಣ್ಣೂ ತಾಯಿಮರದ ಗುಣವನ್ನೇ ಹೊಂದೀತೆಂಬ ಭರವಸೆಯಿಲ್ಲ. ಕಸಿಯ ಸಸಿಯಲ್ಲಾದರೋ ಮೇಲಿನ ಕಡ್ಡಿಯು ಫಲ ಕೊಡುತ್ತಿರುವ ಮರದಿಂದ ಬಂದದ್ದಾದುದರಿಂದ ಅದು ಪ್ರಾಯಕ್ಕೆ ಬಂದ ಅಂಗಾಂಶವೇ ಆಗಿದೆ. ಆದುದರಿಂದ ಮೂರು ನಾಲ್ಕು ವರ್ಷಗಳಲ್ಲಿಯೇ ಅದು ಕಾಯಿ ಕಚ್ಚಬಲ್ಲದು. ಮೊದಲ ಎರಡು ಮೂರು ವರ್ಷಗಳಲ್ಲಿ ಕಾಣುವ ಹೂಗಳನ್ನು ಚಿವುಟಿ, ಗಿಡವು ಬಲಿಯಲು ಅವಕಾಶ ಕೊಡಬೇಕು.

ನೆಡುವುದಕ್ಕೆ ಮುಂಗಾರಿನ ಆರಂಭವೇ ಪ್ರಶಸ್ತ. ಬೇಸಗೆಯಲ್ಲಿಯೇ ಗುಂಡಿ ತೋಡಿ, ಮಣ್ಣನ್ನು ಬಿಸಿಲಿಗೆ ಬಿಟ್ಟು, ಕೊಳೆತ ಗೊಬ್ಬರದೊಡನೆ ತುಂಬಿರಬೇಕು. ಕಸಿ ಕೂಡಿದ ಗಂಟು ನೆಲದಿಂದ ಮೇಲಿರಬೇಕು. ಬೇರು ಆಳಕ್ಕಿಳಿಯದ ಸಸಿಗೆ ಮೊದಲ ಬೇಸಗೆಯೇ ನಿಜವಾದ ಪರೀಕ್ಷೆ. ರಜೆಯ ಕಾಲದಲ್ಲಿ ನೀರೆರೆಯುವವರಿಲ್ಲದಿದ್ದರೆ ಜುಲೈ ತಿಂಗಳ ಉತ್ಸಾಹವೆಲ್ಲ ಏಪ್ರಿಲಿನಲ್ಲಿ ಒಣಗುತ್ತದೆ.

ಬೆಳೆದ ಮರದ ಉಪಚಾರವೂ ಋತುವನ್ನು ಅನುಸರಿಸಬೇಕು. ನಮ್ಮಲ್ಲಿ ಮಾವಿನ ಹೂಮೊಗ್ಗು ರೂಪುಗೊಳ್ಳುವುದು ಸಾಮಾನ್ಯವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿಯಲ್ಲಿ, ಬಲಿತ ಚಿಗುರುಗಳ ತುದಿಯಲ್ಲಿ. ಆಗ ಧಾರಾಳವಾಗಿ ನೀರುಣಿಸಿದರೆ ಹೂವಿಗೆ ಬದಲಾಗಿ ಎಲೆ ಚಿಗುರುತ್ತದೆ. ಆಗ ಕೊಂಬೆ ಸವರಿದರೆ ಮುಂದಿನ ಫಲವನ್ನೇ ಕಡಿದಂತಾಗುತ್ತದೆ. ಸವರುವ ಕೆಲಸವನ್ನು ಕೊಯ್ಲು ಮುಗಿದೊಡನೆಯೇ ಮಾಡತಕ್ಕದ್ದು.

ಮೂರು ವರ್ಷ ಓದಿ ಹೊರಡುವ ವಿದ್ಯಾರ್ಥಿಯು ತಾನು ನೆಟ್ಟ ಮರದ ಹಣ್ಣನ್ನು ಕಾಣುವುದು ಅಪರೂಪ. ಆದಕಾರಣ ಪ್ರತಿಯೊಂದು ಸಸ್ಯಶಾಸ್ತ್ರ ವಿಭಾಗವೂ ಸಸಿಯ ಜಾತಿ, ನೆಟ್ಟ ದಿನ, ಮೊದಲು ಹೂ ಬಿಟ್ಟ ದಿನ ಇವುಗಳನ್ನು ಬರೆದಿಡುವ ಒಂದು ದಾಖಲೆ ಪುಸ್ತಕವನ್ನು ಇಟ್ಟುಕೊಳ್ಳುವುದು ಉಚಿತ. ಮುಂದೆ ನೆಡುವವರು ಯಾವ ತಿಂಗಳು ಬರಿದಾಗಿದೆಯೆಂಬುದನ್ನು ಅದರಿಂದಲೇ ತಿಳಿದಾರು.