ಬೇಟೆ ಇಲ್ಲದ ಬೇಟೆನಾಯಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನಿಂದ ತಂದಿಟ್ಟ ಹತ್ತನೆಯ ಶತಮಾನದ ಕಲ್ಲೊಂದಿದೆ. ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ‘ಮೆಚ್ಚಿದೆ, ಬೇಕಾದ್ದು ಕೇಳು’ ಎಂದನಂತೆ ದೊರೆ. ಮಣಲೇರ ಕೇಳಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು! ಮುಂದೆ ಬೇಟೆಯಲ್ಲಿ ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಕಾಳಿಯನ್ನು ಇಂದಿನ ಮುಧೋಳ ತಳಿಗೆ ಗಂಟು ಹಾಕುವುದು ಸರಿಯಲ್ಲ. ಆದರೆ ಬೇಟೆನಾಯಿಯ ಮೇಲೆ ಕನ್ನಡ ನಾಡಿಗಿದ್ದ ಅಕ್ಕರೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕವಿ ರನ್ನನ ಊರಾದ ಮುಧೋಳ ಈಗ ಹೊರಗಿನವರಿಗೆ ನಾಯಿಯಿಂದಲೇ ಹೆಚ್ಚು ಪರಿಚಿತ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಸಾಲೂಕಿ, ತಾಜಿ ನಾಯಿಗಳನ್ನು ಕಂಡವರಿಗೆ ಇದು ಅವುಗಳ ನೆಂಟ ಎಂದು ಹೇಳಿಕೊಡಬೇಕಾಗಿಲ್ಲ. ದಖನ್ನಿಗೆ ಬಂದ ಸೈನಿಕರು, ವ್ಯಾಪಾರಿಗಳ ಜೊತೆ ಬಂದ ನಾಯಿಗಳ ರಕ್ತ ಇದರಲ್ಲಿದೆ ಎಂದೇ ಬಲ್ಲವರು ನಂಬುತ್ತಾರೆ. ಬಾಗಲಕೋಟೆ ಸೀಮೆಯ ಬೇಡರು, ಕುರಿಗಾಹಿಗಳು ಇದನ್ನು ಸಾಕಿ ಉಳಿಸಿದರು. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಇದರ ಸಂತಾನ ಬೆಳೆಸಲು ಮುತುವರ್ಜಿ ವಹಿಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ‘ಮುಧೋಳ ಹೌಂಡ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಮೇಲೆ. ಹೆಸರು ರಾಜರ ಮನೆಯದಾಯಿತು, ಸಾಕಿದ ಕೈಗಳು ಮಾತ್ರ ಹಿಂದೆ ಸರಿದವು.

ಈ ನಾಯಿಯ ಮೈಕಟ್ಟನ್ನು ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ. ಸುಮಾರು 70 ಸೆಂಟಿಮೀಟರ್ ಎತ್ತರವಿದ್ದರೂ ತೂಕ 25 ಕೆಜಿ ಆಸುಪಾಸು. ಉದ್ದನೆಯ ಕಿರಿದಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು. ಪೂರ್ತಿ ವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಮೈ ಮುದುಡಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ. ಮೂಗಿನಿಂದ ಜಾಡು ಹಿಡಿಯುವುದಕ್ಕಿಂತ ಕಣ್ಣಿನಿಂದ ಬೇಟೆ ಗುರುತಿಸುವ ಜಾತಿ ಇದು. ಎರೆಹೊಲದ ಬಯಲಿನಲ್ಲಿ ಮೊಲ ಎದ್ದರೆ ಸಾಕು, ಆಮೇಲೆ ಯಜಮಾನನ ಕೂಗೂ ಕಿವಿಗೆ ಬೀಳದು. ಮೈಮೇಲೆ ಕೊಬ್ಬು ಕಡಿಮೆ. ಪಕ್ಕೆಲುಬು ಕಂಡರೆ ‘ಪಾಪ, ಊಟ ಹಾಕಿಲ್ಲ’ ಎಂದು ಪೇಟೆಯವರು ಮರುಗುತ್ತಾರೆ. ಮರುಗಬೇಕಿಲ್ಲ, ಅದಿರುವುದೇ ಹಾಗೆ. ಗುರುತಿಲ್ಲದವರು ಮುಟ್ಟುವುದು ಇದಕ್ಕೆ ಹಿಡಿಸದು. ಬಾಲ ಆಡಿಸಿ ಎಲ್ಲರನ್ನೂ ಒಲಿಸಿಕೊಳ್ಳುವ ಚಾಳಿಯೂ ಇಲ್ಲ. ನನಗೆ ಈ ಬಿಗುಮಾನವೇ ಇಷ್ಟ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲದ ಬೇಟೆ ಅಪರಾಧ. ಕಾನೂನು ಸರಿಯೇ. ಆದರೆ ಓಟಕ್ಕಾಗಿಯೇ ತಲೆತಲಾಂತರ ಆರಿಸಿ ಬೆಳೆಸಿದ ಪ್ರಾಣಿಗೆ ಕಸುಬು ತಪ್ಪಿತು. ಅಲ್ಲಿಂದ ಇದು ತೋಟ ಕಾಯುವ, ಪ್ರದರ್ಶನದಲ್ಲಿ ನಿಲ್ಲುವ, ಮಾರಾಟಕ್ಕೆ ಮರಿ ಹಾಕುವ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ತಳಿಶುದ್ಧಿಯ ಕೆಲಸಕ್ಕೆ ಕೈಹಾಕಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೆಸರೆತ್ತಿದರು.

ಹೊಗಳಿಕೆಯಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ. ಬೇಡಿಕೆ ಏರಿದರೆ ಅಡ್ಡತಳಿಯ ಮರಿಗೂ ಮುಧೋಳದ ಹೆಸರು ಅಂಟುತ್ತದೆ. ಕೊಂಡವರಲ್ಲಿ ಕೆಲವರು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸರಪಳಿ ಹಾಕಿ ಕಟ್ಟುತ್ತಾರೆ. ಆಮೇಲೆ ಸೋಫಾ ಹರಿಯಿತು ಎಂದು ದೂರುತ್ತಾರೆ.

ಮರಿ ತರುವ ಯೋಚನೆ ಇದ್ದರೆ ಮೊದಲು ಅದರ ತಾಯಿ-ತಂದೆಯನ್ನು ನೋಡಿ, ಲಸಿಕೆಯ ಚೀಟಿ ಕೇಳಿ. ದಿನಕ್ಕೆರಡು ಬಾರಿ ಬೇಲಿ ಇರುವ ಬಯಲಿನಲ್ಲಿ ಓಡಲು ಬಿಡುವ ಅನುಕೂಲ ನಿಮಗಿಲ್ಲದಿದ್ದರೆ, ದಯವಿಟ್ಟು ಬೇರೆ ನಾಯಿ ಸಾಕಿ.