ಗೋಡೆಯ ಮೇಲಿನ ಭಾವಚಿತ್ರ

ನಮ್ಮ ಕಡೆಯ ಲಿಂಗಾಯತ ಮನೆಗಳ ಪಡಸಾಲೆಯನ್ನು ಪ್ರವೇಶಿಸಿದ ಯಾರಿಗಾದರೂ ಮೊದಲು ಕಾಣುವುದು ಎದುರು ಗೋಡೆ. ಅಲ್ಲಿ ಅಣ್ಣ ಬಸವಣ್ಣನವರ ಪಟ, ಅದರ ಬದಿಯಲ್ಲಿ ಮನೆತನದ ಗುರುಮಠದ ಸ್ವಾಮಿಗಳ ಭಾವಚಿತ್ರ, ಅದರ ಕೆಳಗೆ ಮನೆಯ ಹಿರಿಯರ ಚಿತ್ರಗಳು. ಈ ಹಿರಿಯರ ಚಿತ್ರಗಳನ್ನು ವಾಚಕರು ಒಮ್ಮೆ ಸಮೀಪ ಹೋಗಿ ನಿರೀಕ್ಷಿಸಬೇಕು. ಅನೇಕ ಚಿತ್ರಗಳಲ್ಲಿ ಕಣ್ಣುಗಳು ಮುಚ್ಚಿರುತ್ತವೆ. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂಮಾಲೆ, ಎಡದ ಅಂಗೈಯಲ್ಲಿ ಇಷ್ಟಲಿಂಗ, ಸುತ್ತ ತಲೆ ತಗ್ಗಿಸಿ ಕುಳಿತ ಮಕ್ಕಳು, ಮೊಮ್ಮಕ್ಕಳು. ಅವು ಲಿಂಗೈಕ್ಯರಾದ ಮೇಲೆ ತೆಗೆದ ಚಿತ್ರಗಳು.

ನಮ್ಮಲ್ಲಿ ಲಿಂಗೈಕ್ಯರನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತೇವೆ. ಪೂಜೆಗೆ ಕುಳಿತ ಭಂಗಿಯಲ್ಲಿಯೇ ಸಮಾಧಿಗೆ ಕಳಿಸಿಕೊಡುತ್ತೇವೆ. ಈ ಆಚಾರದ ಹಿಂದಿರುವ ತತ್ವವು ದೊಡ್ಡದು. ಆದುದರಿಂದ ಆ ಹೊತ್ತಿನಲ್ಲಿ ಛಾಯಾಚಿತ್ರ ತೆಗೆಸುವುದನ್ನು ನಾವು ಅಶುಭವೆಂದಾಗಲಿ ಅಗೌರವವೆಂದಾಗಲಿ ಭಾವಿಸಿದವರಲ್ಲ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆಯದು. ಎಪ್ಪತ್ತು ವರ್ಷ ಬಾಳಿದ ಮನುಷ್ಯನದು ಒಂದೇ ಒಂದು ಚಿತ್ರ, ಅದೂ ಅವರು ಹೋದ ಮೇಲಿನದು, ಏಕೆ ಆಗಬೇಕು?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಲ್ಲಿಯೇ. ನಮ್ಮ ತಂದೆಯವರು ಇಳಕಲ್ಲಿನಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ನಾವು ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದಾಗ, ನಮಗೆ ಹನ್ನೆರಡು ವರ್ಷವಿರುವಾಗ, ಅವರು ಲಿಂಗೈಕ್ಯರಾದರು. ಸ್ಟುಡಿಯೋದವರನ್ನು ಕರೆಯಿಸಿ ಒಂದು ಚಿತ್ರ ತೆಗೆಸಿದರು. ಮುಂದೆ ರಜೆಗೆ ಮನೆಗೆ ಬಂದಾಗಲೆಲ್ಲ ನಾವು ಆ ಚಿತ್ರದ ಎದುರು ನಿಲ್ಲುತ್ತಿದ್ದೆವು. ಒಂದು ದಿನ ಅವ್ವ ಹಿಂದೆ ಬಂದು ನಿಂತು, "ನಿಮ್ಮಪ್ಪಾರು ಹಿಂಗ ಇದ್ದಿಲ್ಲಪಾ, ಮಾರಿ ಮ್ಯಾಲ ಯಾವಾಗಲೂ ನಗಿ ಇರತಿತ್ತು" ಎಂದರು. ಆ ನಗೆಯನ್ನು ನೆನಪಿಸಿಕೊಳ್ಳಲು ನಾವು ಎಷ್ಟು ಪ್ರಯತ್ನಿಸಿದರೂ ಗೋಡೆಯ ಮೇಲಿನ ಮುಚ್ಚಿದ ಕಣ್ಣುಗಳೇ ಅಡ್ಡ ಬರುತ್ತಿದ್ದವು. ಇಂದಿಗೂ ಬರುತ್ತವೆ.

1982ರಲ್ಲಿ ಅಧ್ಯಾಪಕ ವೃತ್ತಿ ದೊರೆತ ಮೇಲೆ ನಾವು ಕೊಂಡ ಮೊದಲ ವಸ್ತು ಒಂದು ಹಳೆಯ ಅಗ್ಫಾ ಕ್ಲಿಕ್ ಕ್ಯಾಮೆರಾ. ಶಾಸ್ತ್ರ, ವ್ಯಾಕರಣ ಓದಿದವನಿಗೆ ಇದೆಂಥ ಹುಚ್ಚು ಎಂದು ಮಿತ್ರರು ನಕ್ಕದ್ದುಂಟು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಹೆಸರಿನ ಕಪ್ಪು ಬಿಳುಪು ಫಿಲ್ಮನ್ನು ಬಳಸುತ್ತಿದ್ದೆವು. ಸಂಸ್ಕೃತದಲ್ಲಿ ಇಂದು ಎಂದರೆ ಚಂದ್ರ, ಕನ್ನಡದಲ್ಲಿ ಈ ದಿನ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ನಮಗಂತೂ ಕನ್ನಡದ ಅರ್ಥವೇ ಸರಿಯೆನಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಮೊದಲ ಸುರುಳಿಯ ಫಲಿತಾಂಶ ಹೇಳಿಕೊಳ್ಳುವಂತಿರಲಿಲ್ಲ. ನಮ್ಮ ಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಮನುಷ್ಯರನ್ನು ನಿಲ್ಲಿಸಿದರೆ ಕಣ್ಣಿನ ಗುಣಿಗಳೆಲ್ಲ ಕಪ್ಪಾಗಿ, ಹಣೆಯ ವಿಭೂತಿ ಸುಣ್ಣದ ಪಟ್ಟಿಯಂತೆ ಬೆಳ್ಳಗೆ ಬೀಳುತ್ತದೆಂಬುದು ಆಗ ತಿಳಿಯಿತು. ಮುಂಜಾನೆ ಎಂಟರೊಳಗೆ, ಸಂಜೆ ನಾಲ್ಕೂವರೆಯ ನಂತರ ಎಂಬ ನಿಯಮವನ್ನು ಹಾಕಿಕೊಂಡೆವು. ಎರಡನೆಯ ಪಾಠವನ್ನು ಕಲಿಸಿದವರು ಓಣಿಯ ಒಬ್ಬ ತಾಯಿ. ದೀಪಾವಳಿಯ ಪಾಡ್ಯದಂದು ಹೊಸ ಸೀರೆ ಉಟ್ಟು ಸೊಸೆಯೊಡನೆ ನಿಂತು ಚಿತ್ರ ತೆಗೆಸಿದ್ದರು. ಅತ್ತೆಯದು ದಾಳಿಂಬೆ ಕೆಂಪು, ಸೊಸೆಯದು ದಟ್ಟ ಹಸಿರು. ಚಿತ್ರ ನೋಡಿದವರೇ, "ಮಾಸ್ತರ್ರ, ಇಬ್ರದೂ ಒಂದ ಬಣ್ಣ ಮಾಡೀರಲ್ರಿ! ದಾಳಿಂಬ್ರಿ ಕೆಂಪು ಎಲ್ಲಿ ಹೋತ್ರಿ?" ಎಂದು ಕೇಳಿದರು. ಕಪ್ಪು ಬಿಳುಪಿನ ಫಿಲ್ಮು ಬಣ್ಣವನ್ನು ಕಾಣುವುದಿಲ್ಲ, ಅದರ ಹೊಳಪನ್ನು ಮಾತ್ರ ಬಲ್ಲದು. ಕೆಂಪೂ ಹಸಿರೂ ಒಂದೇ ಬೂದು ಬಣ್ಣದ ಎರಡು ಛಾಯೆಗಳಾಗಿಬಿಡುತ್ತವೆ. ನೇಕಾರರ ಊರಿನಲ್ಲಿ ಈ ವಿವರಣೆಯನ್ನು ಯಾರು ಒಪ್ಪುತ್ತಾರೆ? ಬಿಳುಪಿನ ಪಟ್ಟಿಗಳು ಮೂಡಿದ ತೋಪು ತೆನೆಯ ಸೆರಗೊಂದೇ ನಮ್ಮ ಮಾನ ಕಾಯಿತು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ಛಾಯಾಗ್ರಹಣ ಕಲೆಯು ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅದಾದ ಹದಿನಾರೇ ವರ್ಷಗಳಲ್ಲಿ, 1855ರಲ್ಲಿ, ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಕಂಪನಿ ಸರ್ಕಾರದ ಆಜ್ಞೆಯಂತೆ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆದನು. ಅವನ ಚಿತ್ರಗಳು ಇತರರ ಚಿತ್ರಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದೊಂದಿಗೆ ಗ್ರಂಥವಾಗಿ ಅಚ್ಚಾದವು. ಇಳಕಲ್ಲಿನಿಂದ ಐಹೊಳೆ ದೂರವೇನಲ್ಲ. ಆದರೆ ಬಿಗ್ಸ್ ಬಂದದ್ದು ಗುಡಿಗಳಿಗಾಗಿ, ಮನುಷ್ಯರಿಗಾಗಿ ಅಲ್ಲ. ಐಹೊಳೆಯ ಒಂದು ಪ್ರಾಚೀನ ಗುಡಿಯನ್ನು ಇಂದಿಗೂ ಲಾಡಖಾನ ಗುಡಿ ಎನ್ನುತ್ತೇವೆ. ಅದರಲ್ಲಿ ವಾಸವಾಗಿದ್ದ ಮನುಷ್ಯನ ಹೆಸರು ಅದು. ಹೆಸರು ಗುಡಿಗೆ ಅಂಟಿ ಉಳಿಯಿತು, ಮುಖ ನಮಗೆ ಸಿಗಲಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು (1934-2002) ಕೀಟಶಾಸ್ತ್ರದ ವಿದ್ವಾಂಸರಾಗಿದ್ದೂ ಕ್ಯಾಮೆರಾ ಹೆಗಲಿಗೇರಿಸಿ ಹಳ್ಳಿಯ ಜನಜೀವನದ ಬೆನ್ನು ಹತ್ತಿದ್ದನ್ನು ಓದಿದಾಗ, ನಮ್ಮ ಹುಚ್ಚು ಒಂಟಿಯಲ್ಲವೆಂದು ಸಮಾಧಾನವಾಯಿತು.

ತೊಟ್ಟಿಲು, ಕುಬಸ, ಮನೆ ಒಕ್ಕಲು, ಪಂಚಮಿಯ ಜೋಕಾಲಿ, ಎಳ್ಳಮಾಸಿಯ ಚರಗ, ಹೀಗೆ ಬಂಧುಬಳಗದ ಯಾವ ಕಾರ್ಯವಿದ್ದರೂ ನಮಗೆ ಕರೆ ಬರತೊಡಗಿತು. ಹಣ ಕೊಡಬೇಕಿಲ್ಲವಲ್ಲ! ಎಳ್ಳಮಾಸಿಯಷ್ಟು ಒಳ್ಳೆಯ ಚಿತ್ರಗಳು ಮತ್ತಾವ ಹಬ್ಬದಲ್ಲಿಯೂ ಸಿಕ್ಕಿಲ್ಲ. ಹೊಲದಲ್ಲಿ ಬುತ್ತಿಗಂಟು ಬಿಚ್ಚಿ ಸಜ್ಜೆರೊಟ್ಟಿ, ಶೇಂಗಾಹೋಳಿಗೆ, ಕಾಳುಪಲ್ಲೆ ಹಂಚಿಕೊಂಡು ಕುಳಿತವರಿಗೆ ಕ್ಯಾಮೆರಾದ ಪರಿವೆ ಇರುವುದಿಲ್ಲ. ಮದುವೆಯಲ್ಲಿ ಹಾಗಲ್ಲ, ಅಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಮದುವೆಯೆಂದಾಗ ನಮ್ಮ ದೊಡ್ಡ ಅಪರಾಧವನ್ನು ಒಪ್ಪಿಕೊಳ್ಳಬೇಕು. ಸಹೋದರಿಯ ಮಗಳ ಲಗ್ನ. ಹೊಸದಾಗಿ ಕೊಂಡ ಮೂವತ್ತಾರು ಚಿತ್ರಗಳ ಕ್ಯಾಮೆರಾ, ಮೊದಲ ಬಣ್ಣದ ರೀಲು. ಬೇರೆ ಫೋಟೊದವರು ಬೇಡ, ಮಾವನೇ ಇದ್ದಾನಲ್ಲ ಎಂದು ಅವರು ನಂಬಿದ್ದರು. ಅರಿಷಿಣದಿಂದ ಅಕ್ಷತೆಯವರೆಗೆ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಹುಬ್ಬಳ್ಳಿಗೆ ಕಳಿಸಿದ ರೀಲು ಮರಳಿ ಬಂದಾಗ ಅದರಲ್ಲಿ ಒಂದೂ ಚಿತ್ರವಿರಲಿಲ್ಲ. ಫಿಲ್ಮಿನ ತುದಿ ಹಲ್ಲುಗಾಲಿಗೆ ಸಿಕ್ಕಿಯೇ ಇರಲಿಲ್ಲ. ಎಣಿಕೆಯ ಅಂಕಿ ಮಾತ್ರ ಮುಂದೆ ಓಡುತ್ತಿತ್ತು. ರೀಲು ಮುಂದಕ್ಕೆಳೆದಾಗ ಇನ್ನೊಂದು ಬದಿಯ ಸುತ್ತುಗುಂಡಿ ತಿರುಗುತ್ತಿದೆಯೇ ಎಂದು ನೋಡಿದ್ದರೆ ಸಾಕಿತ್ತು. ಸಹೋದರಿ ಏನೂ ಅನ್ನಲಿಲ್ಲ. ಅವಳ ಬೀಗರು ಅಂದರು, ಅನ್ನಬೇಕಾದದ್ದೇ. ಆ ಮಗಳ ಮದುವೆಯ ಚಿತ್ರ ಇಂದಿಗೂ ಒಂದೂ ಇಲ್ಲ. ಅಂದಿನಿಂದ, ಹವ್ಯಾಸಿಗಳಾದ ನಾವು ಇದ್ದರೂ ಮದುವೆಗೆ ವೃತ್ತಿಯವರನ್ನು ಕರೆಯಿರೆಂದು ನಾವೇ ಹೇಳತೊಡಗಿದೆವು.

ದೀಕ್ಷೆಯ ಚಿತ್ರ ತೆಗೆಯುವುದನ್ನಂತೂ ಬಿಟ್ಟೇಬಿಟ್ಟೆವು. ಒಮ್ಮೆ ಬಾಲಕನೊಬ್ಬ ಮೊದಲ ಬಾರಿಗೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಿದ್ದಾಗ ಫ್ಲ್ಯಾಶ್ ಬೆಳಗಿಸಿದೆವು. ಹುಡುಗ ಬೆಚ್ಚಿ ತಲೆಯೆತ್ತಿದ. ಅವನ ದೃಷ್ಟಿಯನ್ನು ಅಲ್ಲಿಂದ ಎಬ್ಬಿಸಿದವರು ನಾವು! ಮಠದಲ್ಲಿ ಬೆಳೆದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಪೂಜೆ ಮುಗಿದ ಮೇಲೆ, ಕೊರಳಿಗೆ ಕರಡಿಗೆ ಕಟ್ಟಿಕೊಂಡು ಹೊರಗೆ ಬಂದಾಗ ತೆಗೆದರಾಯಿತು.

ಒಂದು ನಗೆಯ ಪ್ರಸಂಗವೂ ಇದೆ. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು (2018ರಲ್ಲಿ ಲಿಂಗೈಕ್ಯರಾದರು) 1975ರಲ್ಲಿ ಆರಂಭಿಸಿದ ಜೋಳಿಗೆಯ ವಿಷಯ ವಾಚಕರಿಗೆ ತಿಳಿದದ್ದೇ. ಕಾಳು ಕಡಿ ಬೇಡದೆ, ಜನರ ದುಶ್ಚಟಗಳನ್ನು ಬೇಡಿದ ಜೋಳಿಗೆ ಅದು. ನಮ್ಮ ಮಿತ್ರರೊಬ್ಬರು ಅದರಲ್ಲಿ ಬೀಡಿಯ ಕಟ್ಟನ್ನು ಹಾಕುವಾಗ ತಾವೇ ಕೇಳಿಕೊಂಡು ಚಿತ್ರ ತೆಗೆಸಿದರು. ಅವರ ಮನೆಯವರು ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದರು. ಆರು ತಿಂಗಳ ನಂತರ ಮಿತ್ರರು ಸಪ್ಪೆ ಮುಖದಿಂದ ಬಂದು, "ಆ ಫೋಟೊ ಇಳಸಂತ ನಮ್ಮ ಮನ್ಯಾಗ ನೀವರೆ ಒಂದ ಮಾತ ಹೇಳ್ರಿ" ಎಂದು ಬೇಡಿಕೊಂಡರು. ನಾವು ಹೇಳಲಿಲ್ಲ. ಅವರು ಮತ್ತೆ ಹಿಡಿದರು, ಮತ್ತೆ ಬಿಟ್ಟರು; ಫೋಟೊ ಮಾತ್ರ ಗೋಡೆಯಿಂದ ಇಳಿಯಲಿಲ್ಲ.

ಇಷ್ಟೆಲ್ಲ ಮಾಡುತ್ತಿದ್ದರೂ ಯಾರಿಗಾಗಿ ಕ್ಯಾಮೆರಾ ಕೊಂಡಿದ್ದೆವೋ ಆ ಅವ್ವನ ಒಂದು ಸರಿಯಾದ ಚಿತ್ರ ಬಹುಕಾಲ ಸಿಗಲಿಲ್ಲ. ಕ್ಯಾಮೆರಾ ಕಂಡೊಡನೆ, "ಈ ಹಳೇ ಸೀರ್ಯಾಗ ಬ್ಯಾಡೋ ತಮ್ಮಾ" ಎಂದು ಸೆರಗು ಮುಖಕ್ಕೆ ತಂದುಕೊಳ್ಳುತ್ತಿದ್ದರು. ಹೊಸ ಸೀರೆ ಉಟ್ಟು ಕುಳಿತರೆ ಅವರು ಅವ್ವನಾಗಿ ಉಳಿಯುತ್ತಿರಲಿಲ್ಲ. ಯಾರದೋ ಮನೆಗೆ ಬಂದ ಅತಿಥಿಯಂತೆ ಬಿಗಿಯಾಗಿಬಿಡುತ್ತಿದ್ದರು. ಅವರ ನಿಜವಾದ ಜಾಗ ಮಗ್ಗದ ಕೋಣೆ. ಅಣ್ಣನವರು ನೇಯುತ್ತಿದ್ದರೆ ಇವರು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಆ ಕೋಣೆಯಲ್ಲಿ ಕಿಟಕಿಯಿಲ್ಲ, ಮಾಳಿಗೆಯ ಬೆಳಕಿಂಡಿಯೊಂದೇ. ನಮ್ಮ ಸಾಧಾರಣ ಕ್ಯಾಮೆರಾಕ್ಕೆ ಆ ಬೆಳಕು ಸಾಲದು; ಫ್ಲ್ಯಾಶ್ ಹಾಕಿದರೆ ಕೋಣೆಯ ಕತ್ತಲೆಯ ಸೊಗಸೇ ಹೋಗುತ್ತದೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಾತ್ರ ಬೆಳಕಿಂಡಿಯಿಂದ ಬಿಸಿಲಕೋಲು ನೇರ ಇಳಿದು, ಸ್ವಲ್ಪ ಹೊತ್ತು ರಾಟಿಯ ಮೇಲೆ ಬಿದ್ದು, ಗೋಡೆಯತ್ತ ಸರಿದುಹೋಗುತ್ತಿತ್ತು. ಮೂರು ರವಿವಾರ ಕಾದೆವು. ಮೊದಲ ವಾರ ಮೋಡ. ಎರಡನೆಯ ವಾರ ಅವ್ವ ರೊಟ್ಟಿ ಬಡಿಯಲು ಎದ್ದುಹೋದರು. ಮೂರನೆಯ ವಾರ ಬಿಸಿಲು ಬಿತ್ತು, ಮೊಮ್ಮಗಳು ಏನೋ ಅಂದಳು, ಅವ್ವ ದಾರ ಬಿಡದೆ ತಲೆಯೆತ್ತಿ ನಕ್ಕರು. ಹನ್ನೆರಡರಲ್ಲಿ ಉಳಿದಿದ್ದ ಕೊನೆಯ ಚಿತ್ರ ಅದು. ನೂಲಿನ ಎಳೆ ಬಿಳಿಯ ಗೆರೆಯಾಗಿ ಮೂಡಿದೆ. ಹಳೆಯ ಸೀರೆಯ ತೇಪೆಯೂ ಕಾಣುತ್ತದೆ.

1996ರಲ್ಲಿ ಅವ್ವ ಲಿಂಗೈಕ್ಯರಾದರು. ಆಚಾರದಂತೆ ಕುಳ್ಳಿರಿಸಿದರು, ಸ್ಟುಡಿಯೋದವರು ಬಂದು ಚಿತ್ರ ತೆಗೆದರು. ಅಂದು ಕ್ಯಾಮೆರಾ ಹಿಡಿಯಲು ನಮಗೆ ಕೈ ಬರಲಿಲ್ಲ. ಗೋಡೆಗೆ ಯಾವ ಚಿತ್ರ ಎಂಬ ಮಾತು ಬಂದಾಗ ಅಣ್ಣನವರಿಗೂ ನಮಗೂ ಒಮ್ಮತವಾಗಲಿಲ್ಲ. ಕೊರಳಲ್ಲಿ ಮಾಲೆಯಿಲ್ಲದ, ತೇಪೆ ಸೀರೆಯ ಚಿತ್ರ ಹಾಕಿದರೆ ಬಂದುಹೋಗುವವರು ಮಕ್ಕಳನ್ನು ಏನಂದಾರು ಎಂಬುದು ಅವರ ವಾದ. ಅದರಲ್ಲಿ ತಥ್ಯವಿಲ್ಲವೆಂದು ನಾವು ಹೇಳಲಾರೆವು. ಮನೆಯ ಮರ್ಯಾದೆಯನ್ನು ಹೊತ್ತವರು ಅವರು. ಕೊನೆಗೆ ಅವರ ಮನೆಯಲ್ಲಿ ಲಿಂಗೈಕ್ಯದ ಚಿತ್ರ, ನಮ್ಮ ಮನೆಯಲ್ಲಿ ರಾಟಿಯ ಚಿತ್ರ ಎಂದು ತೀರ್ಮಾನವಾಯಿತು. ಎರಡೂ ಇಂದಿಗೂ ಹಾಗೆಯೇ ಇವೆ.

ಚಿತ್ರ ತೆಗೆಯುವುದಕ್ಕಿಂತ ಉಳಿಸುವುದು ಕಷ್ಟ. 1980ರ ದಶಕದ ಬಣ್ಣದ ಚಿತ್ರಗಳು ನಮ್ಮ ಪೆಟ್ಟಿಗೆಯಲ್ಲಿ ಕೆಂಪಡರಿ ಮಾಸಿಹೋಗಿವೆ. ಅದಕ್ಕಿಂತ ಹಳೆಯ ಕಪ್ಪು ಬಿಳುಪಿನವು ನಿಚ್ಚಳವಾಗಿವೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಇಟ್ಟವುಗಳ ಗತಿ ಇನ್ನೂ ಕೆಟ್ಟದ್ದು. ಈಗಿನವರು ಮೊಬೈಲಿನಲ್ಲಿ ಒಂದೇ ಮದುವೆಯ ಸಾವಿರ ಚಿತ್ರ ತೆಗೆಯುತ್ತಾರೆ, ಮೊಬೈಲು ಕೆಟ್ಟರೆ ಸಾವಿರವೂ ಹೋದವು. ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆದಿಡಿ ಎಂದು ಮೊಮ್ಮಕ್ಕಳಿಗೆ ಹೇಳುತ್ತೇವೆ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂಬದಿಯ ಮುಖದ ಮೇಲೆ ಗೆರೆ ಮೂಡುತ್ತದೆ.

ಈ ಉಪದೇಶ ಮಾಡುವ ನಾವೇ ಮೊದಲ ಕೆಲವು ವರ್ಷ ಹೆಸರು ಬರೆಯಲಿಲ್ಲ. ಎಲ್ಲರೂ ಪರಿಚಿತರೇ, ಮರೆಯುವುದುಂಟೇ ಎಂಬ ಅಹಂಕಾರ! ಹಾಗೆ ಯಾರದೆಂದು ತಿಳಿಯದ ನಲವತ್ತು ಚಿತ್ರಗಳು ನಮ್ಮಲ್ಲಿ ಉಳಿದವು. ಶ್ರಾವಣದ ಮಹಾಂತೇಶನ ಜಾತ್ರೆಗೆ ಪರಸ್ಥಳದಲ್ಲಿರುವ ಊರಿನವರೂ ಬರುತ್ತಾರಷ್ಟೆ. ಕೆಲವು ವರ್ಷಗಳಿಂದ ಆ ಚಿತ್ರಗಳನ್ನು ಲಕೋಟೆಯಲ್ಲಿಟ್ಟುಕೊಂಡು ಹೋಗಿ ವಯಸ್ಸಾದವರಿಗೆ ತೋರಿಸುತ್ತಿದ್ದೇವೆ. ಒಬ್ಬರು ತಮ್ಮ ಸೋದರಮಾವನನ್ನು ಗುರುತಿಸಿದರು. ಇನ್ನೊಬ್ಬ ತಾಯಿ ಪಂಚಮಿಯ ಜೋಕಾಲಿಯ ಚಿತ್ರವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, "ಇದು ನಾನ ಅದೀನ್ರಿ ಮಾಸ್ತರ್ರ" ಎಂದರು. ತವರಿನಲ್ಲಿದ್ದಾಗಿನ ತಮ್ಮ ಚಿತ್ರ ಒಂದಾದರೂ ಇದೆಯೆಂದು ಅವರಿಗೆ ತಿಳಿದಿರಲಿಲ್ಲ. ಅದನ್ನು ಅವರಿಗೇ ಕೊಟ್ಟೆವು. ಹೀಗೆ ಇಪ್ಪತ್ತೊಂಬತ್ತಕ್ಕೆ ಹೆಸರು ಸಿಕ್ಕಿದೆ. ಹನ್ನೊಂದು ಉಳಿದಿವೆ. ಬರುವ ಶ್ರಾವಣಕ್ಕೆ ಮತ್ತೆ ಒಯ್ಯುತ್ತೇವೆ.