ಭೂಶಾಖ ಶಕ್ತಿ ಮತ್ತು ಸ್ಥಳೀಯ ಜನತೆ

ಮುಂಬಯಿಯಿಂದ ದೂರವಲ್ಲದ ವಜ್ರೇಶ್ವರಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳಲ್ಲಿ ಮಿಂದು ಬಂದ ಕನ್ನಡಿಗರು ಅನೇಕರಿದ್ದಾರೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನ ಸಮೀಪದ ಬೆಂದ್ರುತೀರ್ಥವನ್ನು ಕಂಡವರೂ ಇರಬಹುದು. ಹಿಮಾಚಲ ಪ್ರದೇಶದ ಮಣಿಕರಣ್‌ನಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಗ್ಗೆಯೊಳಗೆ ಇಳಿಬಿಟ್ಟರೆ ಅನ್ನವಾಗುತ್ತದೆ. ಈ ನೀರನ್ನು ಕಾಯಿಸುವ ಒಲೆ ಭೂಮಿಯ ಒಡಲಲ್ಲಿಯೇ ಇದೆ. ಅಲ್ಲಿನ ಶಾಖವನ್ನು ಬಳಸಿ ಪಡೆಯುವ ಶಕ್ತಿಯೇ ಭೂಶಾಖ ಶಕ್ತಿ.

ಶಾಖದಿಂದ ವಿದ್ಯುತ್ತು

ಮಳೆಯ ಮತ್ತು ಹಿಮದ ನೀರು ಬಂಡೆಗಳ ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿ ಕಾದು, ಬೇರೊಂದೆಡೆ ಬುಗ್ಗೆಯಾಗಿ ಹೊರಹೊಮ್ಮುತ್ತದೆ. ನಮ್ಮ ದೇಶದಲ್ಲಿ ಇಂತಹ 300ಕ್ಕೂ ಹೆಚ್ಚು ಬುಗ್ಗೆಗಳಿವೆ. ಬಾವಿ ಕೊರೆದು ಪಡೆದ ಹಬೆಯಿಂದ ಟರ್ಬೈನನ್ನು ತಿರುಗಿಸಿ ವಿದ್ಯುತ್ ಉತ್ಪಾದಿಸಬಹುದು. ಶಾಖ ಕಡಿಮೆಯಿದ್ದಲ್ಲಿ, ಬೇಗನೆ ಕುದಿಯುವ ಬೇರೊಂದು ದ್ರವವನ್ನು ಆ ಬಿಸಿನೀರಿನಿಂದ ಕಾಯಿಸಿ, ಅದರ ಆವಿಯನ್ನು ಬಳಸಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಇದೇ ವಿಧಾನದಿಂದ ಮಣಿಕರಣ್‌ನಲ್ಲಿ 5 ಕಿಲೋವ್ಯಾಟ್ ಸಾಮರ್ಥ್ಯದ ಪ್ರಾಯೋಗಿಕ ಘಟಕವೊಂದನ್ನು ನಡೆಸಿತ್ತು.

ಪುಗಾ ಕಣಿವೆಯ ಅನುಭವ

ಲಡಾಖಿನ ಪುಗಾ ಕಣಿವೆಯು ದೇಶದ ಪ್ರಮುಖ ಭೂಶಾಖ ಕ್ಷೇತ್ರ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದಲ್ಲಿ 1970ರ ದಶಕದಲ್ಲಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಬಾವಿಗಳನ್ನು ಕೊರೆದು ಪರೀಕ್ಷಿಸಿತು. ಇಲ್ಲಿ ವಿದ್ಯುತ್ ಘಟಕ ಸ್ಥಾಪಿಸುವ ಉದ್ದೇಶದಿಂದ 2021ರ ಫೆಬ್ರವರಿಯಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಲಡಾಖ್ ಆಡಳಿತ ಹಾಗೂ ಲೇಹ್‌ನ ಗುಡ್ಡಗಾಡು ಅಭಿವೃದ್ಧಿ ಮಂಡಲಿಗಳ ನಡುವೆ ಒಪ್ಪಂದವಾಯಿತು. ಮರುವರ್ಷ ಬಾವಿ ಕೊರೆಯುತ್ತಿದ್ದಾಗ ಭೂಗರ್ಭದ ಬಿಸಿದ್ರವ ಹೊರಚಿಮ್ಮಿ ಪುಗಾ ತೊರೆಯನ್ನು ಸೇರಿದ್ದರಿಂದ ಕೆಲಸವನ್ನು ತಡೆಹಿಡಿಯಬೇಕಾಯಿತು.

ಪುಗಾದ ಸುತ್ತಮುತ್ತ ವಾಸಿಸುವವರು ಪಶ್ಮೀನಾ ಉಣ್ಣೆಯ ಮೇಕೆಗಳನ್ನು ಸಾಕುವ ಚಾಂಗ್‌ಪಾ ಅಲೆಮಾರಿಗಳು. ತೊರೆಯ ಹುಲ್ಲು ಮತ್ತು ನೀರೇ ಅವರ ಬಾಳಿಗೆ ಆಧಾರ. ಇಂತಹ ಕಡೆಗಳಲ್ಲಿ ಯೋಜನೆಯನ್ನು ಕುರಿತ ತಿಳಿವಳಿಕೆಯು ಯಂತ್ರಗಳು ಬಂದ ಬಳಿಕ ನೀಡುವ ಸಮಾಧಾನವಾಗಬಾರದು. ಮೊದಲ ಬಾವಿಗಿಂತ ಮುಂಚೆಯೇ ಅದು ಆರಂಭವಾಗುವುದು ಅವಶ್ಯಕ.

ಕಲಿಕೆ ಉಭಯತ್ರ

ಜನರಿಗೆ ತಿಳಿಸುವುದೆಂದರೆ ಭಾಷಣ ಮಾಡಿ ಕರಪತ್ರ ಹಂಚುವುದಷ್ಟೇ ಅಲ್ಲ. ಯಾವ ಬುಗ್ಗೆ ಯಾವ ಋತುವಿನಲ್ಲಿ ಕ್ಷೀಣಿಸುತ್ತದೆ, ಯಾವ ನೀರನ್ನು ಪಶುಗಳು ಕುಡಿಯುವುದಿಲ್ಲ, ಹಿಮ ಎಲ್ಲಿ ಮೊದಲು ಕರಗುತ್ತದೆ ಎಂಬಂತಹ ಸಂಗತಿಗಳು ಪಶುಪಾಲಕರಿಗೆ ತಿಳಿದಿರುತ್ತವೆ. ಇವನ್ನು ತಂತ್ರಜ್ಞರು ಕೇಳಿ ದಾಖಲಿಸಬೇಕು. ಕೆಲಸಕ್ಕೆ ಮುಂಚಿನ ಸ್ಥಿತಿಯ ದಾಖಲೆಯಿಲ್ಲದಿದ್ದರೆ, ಅನಂತರದ ಬದಲಾವಣೆಗೆ ಕಾರಣವೇನೆಂದು ಯಾರೂ ಹೇಳಲಾರರು. ಬುಗ್ಗೆಯ ಉಷ್ಣತೆಯನ್ನೂ ಹರಿವನ್ನೂ ಪ್ರತಿ ತಿಂಗಳು ಅಳೆದು ಬರೆದಿಡುವ ಕೆಲಸವನ್ನು, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಶಾಲೆಯ ಹಿರಿಯ ಮಕ್ಕಳೂ ಮಾಡಬಲ್ಲರು.

ಸಭೆಗಳಲ್ಲಿ ಜನರು ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು:

1. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಭೂಶಾಖದ ನೀರಿನಲ್ಲಿ ಬೋರಾನ್, ಆರ್ಸೆನಿಕ್ ಮುಂತಾದವು ಇರಬಹುದಾದ್ದರಿಂದ, ಅದನ್ನು ಮತ್ತೊಂದು ಬಾವಿಯ ಮೂಲಕ ಭೂಗರ್ಭಕ್ಕೇ ಮರಳಿಸುವುದು ಉತ್ತಮ ಕ್ರಮ.
2. ತೊರೆಯ ನೀರನ್ನು ಯಾರು ಪರೀಕ್ಷಿಸುತ್ತಾರೆ? ಫಲಿತಾಂಶವನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲಿ ಪ್ರಕಟಿಸುತ್ತಾರೆ?
3. ಸೋರಿಕೆಯಾದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರದು?
4. ಊರಿಗೆ ದೊರೆಯುವ ಪ್ರಯೋಜನವೇನು?

ಕೊನೆಯ ಪ್ರಶ್ನೆಗೆ ವಿದ್ಯುತ್ತೊಂದೇ ಉತ್ತರವಲ್ಲ. ಪುಗಾದಲ್ಲಿ ಅಲೆಮಾರಿ ಕುಟುಂಬಗಳ ಮಕ್ಕಳಿಗಾಗಿ ವಸತಿ ಶಾಲೆಯಿದೆ. ಕೊರೆಯುವ ಚಳಿಗಾಲದಲ್ಲಿ ಇಂತಹ ಕಟ್ಟಡಗಳನ್ನು ಬೆಚ್ಚಗಿಡಲು, ಹಸಿರುಮನೆಯಲ್ಲಿ ತರಕಾರಿ ಬೆಳೆಯಲು ಬಿಸಿನೀರನ್ನು ನೇರವಾಗಿಯೇ ಉಪಯೋಗಿಸಬಹುದು.

ಭೂಶಾಖವು ಹಗಲಿರುಳೆನ್ನದೆ ದೊರೆಯುವ, ಹೊಗೆ ಕಡಿಮೆಯಿರುವ ಶಕ್ತಿಮೂಲ. ಆದರೆ ಬುಗ್ಗೆಯ ಬಳಿ ಬಾಳುವವರ ತೊರೆ ಕೆಟ್ಟರೆ ಆ ಲಾಭ ಅವರ ಪಾಲಿಗೆ ನಷ್ಟವೇ ಸರಿ. ಅವರು ತಿಳಿದು ಒಪ್ಪಿದ ಯೋಜನೆಯೇ ಬಾಳುವ ಯೋಜನೆ.